ಎವೆಯಿಕ್ಕುವ ಮಕ್ಕಳು

ನಿಮಿಷವೆಂಬ ಮಾತು ಗಡಿಯಾರದಿಂದ ಹುಟ್ಟಿದ್ದಲ್ಲ. ಕಣ್ಣಿನ ಎವೆಯಿಂದ ಹುಟ್ಟಿದ್ದು. ಎವೆ ಮುಚ್ಚಿ ತೆರೆಯುವಷ್ಟು ಹೊತ್ತೇ ಮೂಲದಲ್ಲಿ ನಿಮಿಷ ಅಥವಾ ನಿಮೇಷ. ಅರುವತ್ತು ಸೆಕೆಂಡುಗಳಿಗೆ ಆ ಹೆಸರು ಸಂದದ್ದು ಈಚಿನ ಕಾಲದಲ್ಲಿ. ದೇವತೆಗಳಿಗೆ ಅನಿಮಿಷರೆಂಬ ಹೆಸರುಂಟು, ಏಕೆಂದರೆ ಅವರು ಎವೆಯಿಕ್ಕುವುದಿಲ್ಲ. (ಮೀನಿಗೂ ನಿಘಂಟುಕಾರರು ಅದೇ ಹೆಸರನ್ನು ಕೊಟ್ಟಿದ್ದಾರೆ, ಅದಕ್ಕೆ ರೆಪ್ಪೆಯೇ ಇಲ್ಲ.) ಮಹಾಭಾರತದ ವನಪರ್ವದಲ್ಲಿ ದಮಯಂತಿಯ ಸ್ವಯಂವರಕ್ಕೆ ನಾಲ್ವರು ದೇವತೆಗಳು ನಳನ ರೂಪವನ್ನೇ ತಾಳಿ ಬಂದು ಕುಳಿತರಷ್ಟೆ. ಐವರು ನಳರಲ್ಲಿ ನಿಜವಾದ ನಳನಾರೆಂದು ಆಕೆ ಗುರುತಿಸಿದ್ದು ಹೇಗೆ? ಯಾರ ಮೈ ಬೆವರಿತ್ತೋ, ಯಾರ ಹೂಮಾಲೆ ಬಾಡಿತ್ತೋ, ಯಾರ ನೆರಳು ನೆಲಕ್ಕೆ ಬಿದ್ದಿತ್ತೋ, ಯಾರ ಎವೆ ಮಿಡುಕುತ್ತಿತ್ತೋ ಅವನೇ ಮನುಷ್ಯನೆಂದು. ಎವೆಯಿಕ್ಕುವುದು ಮನುಷ್ಯನ ಗುರುತಾಯಿತು. ಆ ಗುರುತಿಗೇ ಮಾಲೆ ಬಿದ್ದಿತು.

ಆದರೂ ಲೋಕವು ಮೆಚ್ಚುವುದು ಅಲುಗದ ನೋಟವನ್ನೇ. ಶರಣ ಪರಂಪರೆಯಲ್ಲಂತೂ ಅದಕ್ಕೆ ವಿಶೇಷ ಗೌರವವಿದೆ. ಅಲ್ಲಮಪ್ರಭುವಿಗೆ ಲಿಂಗವು ದೊರೆತದ್ದು ಅನಿಮಿಷನ ಕೈಯಿಂದ. ಆ ಮಹಾನುಭಾವನ ಹೆಸರೇ ಅವನ ನೋಟವನ್ನು ಹೇಳುತ್ತದೆ. ಹರಿಹರನ ಪ್ರಭುದೇವರ ರಗಳೆಯನ್ನು ತರಗತಿಯಲ್ಲಿ ಓದಿಸಿದವರಿಗೆಲ್ಲ, ಹುದುಗಿಹೋದ ಗುಡಿಯೊಳಗೆ ಲಿಂಗದಲ್ಲಿ ದೃಷ್ಟಿ ನೆಟ್ಟು ಕುಳಿತ ಆ ಮೂರ್ತಿ ಕಣ್ಣಿಗೆ ಕಟ್ಟಿದಂತಿರುತ್ತದೆ. ಕರಸ್ಥಲದ ಇಷ್ಟಲಿಂಗದಲ್ಲಿ ನೋಟ ನಿಲ್ಲಿಸುವ ಸಾಧನೆಯನ್ನು ಮಠದ ಶಾಲೆಗಳು ಮಕ್ಕಳಿಗೆ ಎಳವೆಯಿಂದಲೇ ಕಲಿಸುತ್ತ ಬಂದಿವೆ. ಅದು ಒಳ್ಳೆಯದೇ. ಮನಸ್ಸನ್ನು ಒಂದೆಡೆ ನಿಲ್ಲಿಸಲು ಬಾರದವನಿಗೆ ಪಾಣಿನಿಯ ಒಂದು ಸೂತ್ರವೂ ದಕ್ಕದು, ಬೀಜಗಣಿತದ ಒಂದು ಸಮೀಕರಣವೂ ದಕ್ಕದು.

ತೊಡಕು ಬರುವುದು ಒಬ್ಬಿಬ್ಬರು ಮಕ್ಕಳ ವಿಷಯದಲ್ಲಿ. ತಾರಿಹಾಳದ ಸುತ್ತಿನ ಯಾವ ಶಾಲೆಯಲ್ಲಿಯೇ ಆಗಲಿ, ಯಾವ ಪ್ರಸಾದ ನಿಲಯದಲ್ಲಿಯೇ ಆಗಲಿ, ಬೆಳಗಿನ ಸಾಮೂಹಿಕ ಪೂಜೆಗೆ ಕುಳಿತ ಬಾಲಕರ ಸಾಲನ್ನು ಗಮನವಿಟ್ಟು ನೋಡಿದರೆ ಅಂಥ ಒಬ್ಬನು ಕಾಣಸಿಗುತ್ತಾನೆ. ಎಂಟು ಹತ್ತು ವರ್ಷದ ಹುಡುಗ. ಉಳಿದವರು ಅಂಗೈಯನ್ನು ನೋಡುತ್ತಿರುವಾಗ ಇವನ ಕಣ್ಣು ಬಿಗಿಯಾಗಿ ಮುಚ್ಚಿ, ಫಕ್ಕನೆ ತೆರೆದು, ಮತ್ತೆ ಮುಚ್ಚುತ್ತದೆ. ನಡುನಡುವೆ ಮೂಗು ಸೊಟ್ಟಗಾಗುತ್ತದೆ. ಕಣ್ಣಿನ ಬಿಳುಪು ಕೆಂಪಡರಿದೆ, ಮುಂಗೈಯಿಂದ ತಿಕ್ಕುತ್ತಾನೆ, ತಿಕ್ಕಿದಷ್ಟೂ ಕೆಂಪು ಹೆಚ್ಚುತ್ತದೆ. ಗುರುಗಳು ಸಹಜವಾಗಿಯೇ ಗದರುತ್ತಾರೆ: "ಲೇ ತಮ್ಮಾ, ಕಣ್ಣು ಯಾಕ ಹಂಗ ಪಿಳಿಪಿಳಿ ಮಾಡ್ತಿ? ಸುಮ್ನ ಕೂಡು." ಹುಡುಗನ ಉತ್ತರವೂ ಎಲ್ಲ ಕಡೆಗೂ ಒಂದೇ: "ನಾ ಮಾಡಾಂಗಿಲ್ರಿ ಸರ, ತಾನ ಆಗ್ತೈತ್ರಿ."

"ತಾನ ಆಗ್ತೈತ್ರಿ" ಎಂಬ ಮಾತನ್ನು ಶಾಲೆಯೂ ಮನೆಯೂ ನೆಪವೆಂದು ತಳ್ಳಿಹಾಕುತ್ತ ಬಂದಿವೆ. ವೈದ್ಯಶಾಸ್ತ್ರದ ಯಾವ ಲಕ್ಷಣವಾಕ್ಯಕ್ಕಿಂತಲೂ ಅದು ನಿಖರವಾದ ಮಾತು ಎಂಬುದೇ ಈ ಲೇಖನದ ಪ್ರತಿಪಾದ್ಯ.

ವೈದ್ಯರು ಇದಕ್ಕೆ ಟಿಕ್ ಎಂದು ಹೆಸರಿಟ್ಟಿದ್ದಾರೆ. ತೀವ್ರವಾದ, ಅಲ್ಪಕಾಲದ, ಮರುಕಳಿಸುವ ಚಲನೆಗೆ ಆ ಹೆಸರು. ಜನರು ಇದನ್ನು ಚಾಳಿಯೆನ್ನುತ್ತಾರೆ. ಆದರೆ ಚಾಳಿಯೆಂಬ ಶಬ್ದ ಇಲ್ಲಿ ಸಲ್ಲದು. ಚಾಳಿ ರೂಢಿಯಿಂದ ಬರುವಂಥದು, ಬಿಡಲು ಮನಸ್ಸು ಮಾಡಿದರೆ ಬಿಡಬಹುದಾದಂಥದು. ಇದು ಸೀನಿನ ಜಾತಿಯದು. ಸೀನು ಬರುವ ಮುನ್ನ ಮೂಗಿನಲ್ಲಿ ಒಂದು ಕಸಿವಿಸಿ ಆಗುವಂತೆ ಕಣ್ಣಿನಲ್ಲೊಂದು ಕಸಿವಿಸಿಯಾಗುತ್ತದೆ, ಎವೆ ಬಡಿದರೆ ಅದು ಕ್ಷಣಕಾಲ ಶಮನವಾಗುತ್ತದೆ, ಮತ್ತೆ ಹುಟ್ಟುತ್ತದೆ. ಸ್ವಲ್ಪ ಹೊತ್ತು ಹಿಡಿದಿಡಬಹುದು, ಎಂದೆಂದಿಗೂ ಹಿಡಿದಿಡಲಾಗದು. ಶಾಲೆಯಲ್ಲಿ ಐದು ತಾಸು ತಡೆದುಕೊಂಡ ಹುಡುಗನು ಮನೆಗೆ ಹೋದೊಡನೆ ಒಂದೇ ಸಮನೆ ಎವೆ ಬಡಿಯತೊಡಗುವುದು ಇದರಿಂದಲೇ. ಆಗ ತಾಯಿಯು ಶಾಲೆಯನ್ನು ದೂರುತ್ತಾಳೆ. ಶಾಲೆಯು "ಇಲ್ಲಿ ನೆಟ್ಟಗಿರ್ತಾನ, ಮನ್ಯಾಗಿನ ಅಚ್ಛಾದಿಂದ ಕೆಟ್ಟಾನ" ಎಂದು ಮನೆಯನ್ನು ದೂರುತ್ತದೆ. ಇಬ್ಬರೂ ಕಂಡದ್ದು ದಿಟ, ಇಬ್ಬರ ತೀರ್ಪೂ ತಪ್ಪು.

ಈ ಬಗೆಯ ಚಲನೆ ಮೊದಲು ತೋರುವುದು ಬಹುಮಟ್ಟಿಗೆ ಐದರಿಂದ ಏಳನೆಯ ವಯಸ್ಸಿನಲ್ಲಿ, ಮತ್ತು ಎಲ್ಲಕ್ಕೂ ಮೊದಲು ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಕಣ್ಣಿನಲ್ಲಿಯೇ. ಹುಡುಗಿಯರಿಗಿಂತ ಹುಡುಗರಲ್ಲಿ ಹೆಚ್ಚು. ಹತ್ತು ಹನ್ನೆರಡನೆಯ ವಯಸ್ಸಿನ ಹೊತ್ತಿಗೆ ಉಚ್ಛ್ರಾಯಕ್ಕೇರಿ, ಮೀಸೆ ಮೂಡುವ ವೇಳೆಗೆ ಬಹುತೇಕರಲ್ಲಿ ಇಳಿಯುತ್ತದೆ. ಎಷ್ಟೋ ಮಕ್ಕಳಲ್ಲಿ ಕೆಲವು ವಾರವೋ ತಿಂಗಳೋ ಇದ್ದು ತಾನಾಗಿಯೇ ಮಾಯವಾಗುತ್ತದೆ. ನೂರರಲ್ಲಿ ಒಂದು ಅಥವಾ ಅದಕ್ಕೂ ಕಡಿಮೆ ಮಕ್ಕಳಲ್ಲಿ ಹಲವು ಅಂಗಗಳ ಚಲನೆಯೊಡನೆ ಗಂಟಲ ಸದ್ದೂ ಸೇರಿ ವರ್ಷಕ್ಕೂ ಮೀರಿ ನಿಲ್ಲುತ್ತದೆ. ಅದನ್ನು 1885ರಲ್ಲಿ ವಿವರಿಸಿದ ಫ್ರೆಂಚ್ ವೈದ್ಯ ಜಾರ್ಜ್ ಜಿಲ್ ದ ಲಾ ಟುರೆಟ್ ಎಂಬವರ ಹೆಸರಿನಿಂದಲೇ ಆ ಸ್ಥಿತಿಯನ್ನು ಕರೆಯುತ್ತಾರೆ. ಇದಕ್ಕೂ ಬುದ್ಧಿಯ ಮಾಂದ್ಯಕ್ಕೂ ಸಂಬಂಧವಿಲ್ಲ. 1755ರಲ್ಲಿ ಇಂಗ್ಲಿಷ್ ನಿಘಂಟನ್ನು ಹೊರತಂದ ಸ್ಯಾಮ್ಯುಅಲ್ ಜಾನ್ಸನ್ನರ ಮೈಕೈಗಳ ವಿಚಿತ್ರ ಚಲನೆಗಳನ್ನು ಅವರ ಕಾಲದವರು ಬರೆದಿಟ್ಟಿದ್ದಾರೆ. ಅದನ್ನು ಓದಿದ ಇಂದಿನ ವೈದ್ಯರು ಅವರಿಗೂ ಇದೇ ಇದ್ದಿರಬೇಕೆಂದು ಊಹಿಸುತ್ತಾರೆ. ಜಾನ್ಸನ್ನರನ್ನು ಬೆಂಚಿನ ಮೇಲೆ ನಿಲ್ಲಿಸಿದ ಉಪಾಧ್ಯಾಯರಾರಾದರೂ ಇದ್ದರೆ ಅವರ ಹೆಸರು ಉಳಿದಿಲ್ಲ.

ಇಷ್ಟು ಹೇಳಿದ ಮೇಲೆಯೂ ಕೆಂಪಿನ ಪ್ರಶ್ನೆ ಉಳಿಯುತ್ತದೆ. ಎವೆ ಬಡಿಯುವುದರಿಂದ ಕಣ್ಣು ಕೆಂಪಾಯಿತೋ, ಕಣ್ಣು ಕೆಂಪಾದುದರಿಂದ ಎವೆ ಬಡಿಯುತ್ತಿದೆಯೋ? ಇದು ಬೀಜಾಂಕುರನ್ಯಾಯಕ್ಕೆ ಒಳ್ಳೆಯ ನಿದರ್ಶನ. ಕಸಿವಿಸಿಗೊಂಡ ಕಣ್ಣು ಎವೆಯನ್ನು ಕೆಣಕುತ್ತದೆ. ಬಿಗಿದು ಬಡಿವ ಎವೆ ಮತ್ತು ತಿಕ್ಕುವ ಮುಂಗೈ ಕಣ್ಣನ್ನು ಮತ್ತಷ್ಟು ಕಸಿವಿಸಿಗೊಳಿಸುತ್ತವೆ. ಕೆಲವು ಮಕ್ಕಳಿಗಂತೂ ಕಣ್ಣು ತಿಕ್ಕುವುದೇ, ಬೆರಳಿನಿಂದ ಒತ್ತುವುದೇ ಒಂದು ಟಿಕ್. ಆದರೆ ನೈಯಾಯಿಕನಿಗೆ ಸಾಕಾಗುವ ಉತ್ತರ ತಾಯಿಗೆ ಸಾಕಾಗದು. ಆಕೆಗೆ ಬೇಕಾದದ್ದು, ಈ ಚಕ್ರವನ್ನು ಎಲ್ಲಿ ಕಡಿಯಬೇಕೆಂಬುದು. ಕಡಿಯಲು ಸುಲಭವಾದ ಜಾಗ ಕಣ್ಣು, ಎವೆಯಲ್ಲ. ಬರಿಯ ಎವೆಬಡಿತದಿಂದ ಕಣ್ಣು ಅಷ್ಟಾಗಿ ಕೆಂಪಾಗುವುದಿಲ್ಲ. ಕೆಂಪು ಕಂಡಿತೆಂದರೆ ಅಲ್ಲಿ ಇನ್ನೇನೋ ಇದೆ ಎಂದು ಎಣಿಸಿ ಹುಡುಕುವುದೇ ವಿವೇಕ.

ಹುಡುಕಿದರೆ ತಾರಿಹಾಳದಂಥ ಊರಿನಲ್ಲಿ ಕಾರಣಗಳಿಗೆ ಬರವಿಲ್ಲ. ಒಂದು ಮಗ್ಗುಲಲ್ಲಿ ಎರೆಹೊಲ, ಇನ್ನೊಂದು ಮಗ್ಗುಲಲ್ಲಿ ಕೈಗಾರಿಕಾ ವಸಾಹತು. ಎರೆಮಣ್ಣು ಮಳೆಗಾಲದಲ್ಲಿ ಕಾಲಿಗೆ ಅಂಟುವಂತೆಯೇ ಬೇಸಿಗೆಯಲ್ಲಿ ಹುಡಿಯಾಗಿ ಕಣ್ಣಿಗೆ ಅಂಟುತ್ತದೆ. ಲಾರಿಗಳು ಎಬ್ಬಿಸುವ ಧೂಳು, ಸುಗ್ಗಿಯ ದಿನಗಳ ಹೊಟ್ಟು, ಮೆಣಸಿನಕಾಯಿ ಒಣಹಾಕಿದ ಅಂಗಳದ ಘಾಟು, ಆಷಾಢದ ಹುಚ್ಚುಗಾಳಿ, ಇವು ಸಾಲದೆಂಬಂತೆ ಖಾಲಿ ನಿವೇಶನಗಳಲ್ಲೆಲ್ಲ ಎದೆಯೆತ್ತರ ಬೆಳೆದುನಿಂತ ಪಾರ್ಥೇನಿಯಂ. 1950ರ ದಶಕದಲ್ಲಿ ಪುಣೆಯ ಹತ್ತಿರ ಮೊದಲು ಕಣ್ಣಿಗೆ ಬಿದ್ದ ಈ ಕಳೆಗೆ ಜನ ಕಾಂಗ್ರೆಸ್ ಹುಲ್ಲೆಂದು ಹೆಸರಿಟ್ಟರು. ಅದರ ಪರಾಗ ಕೆಲವರ ಚರ್ಮಕ್ಕೂ ಮೂಗಿಗೂ ಕಣ್ಣಿಗೂ ಒಗ್ಗುವುದಿಲ್ಲ. ರಂಗಪಂಚಮಿಯ ಮರುದಿನ ಹುಬ್ಬಳ್ಳಿಯ ಕಣ್ಣಿನ ವೈದ್ಯರಿಗೆ ಪುರುಸೊತ್ತಿರುವುದಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಮಠದ ಅಂಗಳವೂ ಈ ಪಟ್ಟಿಯಿಂದ ಹೊರತಲ್ಲ. ಮಠದ ಸಂಪುಟದಲ್ಲಿ ಹೀಗೆ ಬರೆಯುವುದು ಉಚಿತವೇ ಎಂದು ಯಾರಾದರೂ ಹುಬ್ಬೇರಿಸಿದರೂ ಸರಿ, ಹೇಳಲೇಬೇಕಾದ ಮಾತು ಇದು: ಒಣ ವಿಭೂತಿಯನ್ನು ಹಣೆಗೆ ಬಳಿದಾಗ ಉದುರುವ ಪುಡಿ, ಕಿಟಕಿ ಮುಚ್ಚಿದ ಪ್ರಾರ್ಥನಾ ಮಂದಿರದ ಧೂಪ, ಕರ್ಪೂರ, ಊದುಬತ್ತಿಗಳ ಹೊಗೆ ಇವೂ ಮೊದಲೇ ನವೆಯುವ ಕಣ್ಣಿಗೆ ಉರಿ ತರುತ್ತವೆ. ವಿಭೂತಿಯನ್ನು ನೀರಿನಲ್ಲಿ ಕಲಸಿ ಧರಿಸುವ ಪದ್ಧತಿ ಹಳೆಯದೇ ಆಗಿದೆ. ಕಿಟಕಿಯನ್ನು ತೆರೆದಿಡುವುದರಿಂದ ಯಾವ ಆಚಾರಕ್ಕೂ ಭಂಗವಿಲ್ಲ.

ಈ ಧೂಳು, ಪರಾಗಗಳಿಂದ ಹುಟ್ಟುವ ಅಲರ್ಜಿಯೇ ಶಾಲೆಯ ವಯಸ್ಸಿನ ಮಕ್ಕಳ ಕೆಂಗಣ್ಣಿಗೆ ಅತಿ ಸಾಮಾನ್ಯವಾದ ಕಾರಣಗಳಲ್ಲೊಂದು. ಅದರ ಮುಖ್ಯ ಗುರುತು ನವೆ. ಒಣಹವೆಯ ಬಿಸಿ ನಾಡುಗಳಲ್ಲಿ ಬೇಸಗೆ ಬಂದೊಡನೆ ಮರುಕಳಿಸುವ ಒಂದು ಉಗ್ರರೂಪವೂ ಇದಕ್ಕಿದೆ. ಅದು ಹೆಚ್ಚಾಗಿ ಗಂಡುಹುಡುಗರನ್ನು, ಐದರಿಂದ ಹದಿನೈದರ ಒಳಗಿನವರನ್ನು ಹಿಡಿಯುತ್ತದೆ. ಕಣ್ಣಿನಿಂದ ದಾರದಂತೆ ಎಳೆಯಬಹುದಾದ ಅಂಟುಪಿಸುರು ಬರುತ್ತದೆ, ಬೆಳಕನ್ನು ಕಂಡರೆ ಆಗುವುದಿಲ್ಲ. ಟಿಕ್ ಹೆಚ್ಚಾಗಿ ಕಾಣಿಸುವ ವಯಸ್ಸೂ ಇದೇ, ಲಿಂಗವೂ ಇದೇ. ಹೀಗಾಗಿ ಒಂದೇ ಮಗುವಿನಲ್ಲಿ ಎರಡೂ ಕೂಡಿದರೆ ಅದನ್ನು ವಿಚಿತ್ರವೆನ್ನಬೇಕಾಗಿಲ್ಲ. ಅಲರ್ಜಿ ವಾಸಿಯಾದ ಮೇಲೂ ಎವೆಬಡಿತ ಕೆಲಕಾಲ ಉಳಿದರೆ ಮದ್ದು ಸೋತಿತೆಂದೂ ತಿಳಿಯಬೇಕಾಗಿಲ್ಲ.

ಉಳಿದ ಕಾರಣಗಳನ್ನು ಚಿಕ್ಕದಾಗಿ ಹೇಳಬಹುದು. ರೆಪ್ಪೆಯ ಅಂಚಿನಲ್ಲಿ ಹೊಟ್ಟು ಕಟ್ಟಿ ಬಾವು ಬರುವುದು, ಎವೆಗೂದಲು ಒಳಮುಖವಾಗಿ ತಿರುಗಿ ಕಣ್ಣನ್ನು ಗೀರುವುದು, ಕಸ ಸಿಕ್ಕಿಕೊಂಡಿರುವುದು, ಕಣ್ಣೀರಿನ ಪಸೆ ಆರುವುದು. ದೃಷ್ಟಿದೋಷವಿದ್ದೂ ಕನ್ನಡಕವಿಲ್ಲದ ಹುಡುಗನು ಹಲಗೆಯ ಮೇಲಿನ ಅಕ್ಷರವನ್ನು ಕಾಣಲು ಕಣ್ಣು ಕಿರಿದು ಮಾಡಿ, ಬಡಿದು, ತಿಕ್ಕಿ ದಣಿಯುತ್ತಾನೆ. ಇವನಿಗೆ ಕನ್ನಡಕ ಬಂದ ತಿಂಗಳೊಳಗೆ "ಚಾಳಿ" ಹೋಗಿಬಿಡುವುದುಂಟು. ಇನ್ನು ಮೊಬೈಲು. ಸುಮ್ಮನೆ ಕುಳಿತ ಮನುಷ್ಯನು ನಿಮಿಷಕ್ಕೆ ಹದಿನೈದಿಪ್ಪತ್ತು ಸಲ ಎವೆಯಿಕ್ಕುತ್ತಾನೆ. ಆ ಬೆಳಕಿನ ಹಲಗೆಯನ್ನು ದಿಟ್ಟಿಸುವಾಗ ಅದು ಅರ್ಧಕ್ಕೋ ಅದಕ್ಕೂ ಕೆಳಗೋ ಇಳಿಯುತ್ತದೆ, ಕಣ್ಣು ಒಣಗುತ್ತದೆ. ಟಿಕ್‌ಗೆಂದು ಕೊಡುವ ಕೆಲವು ಔಷಧಿಗಳೂ ನೆಗಡಿ ನವೆಗಳಿಗೆಂದು ಕೊಡುವ ಕೆಲವು ಗುಳಿಗೆಗಳೂ ಕಣ್ಣನ್ನು ಒಣಗಿಸಬಲ್ಲವು; ಮಗು ಏನೇನು ನುಂಗುತ್ತಿದೆಯೆಂಬುದನ್ನು ಕಣ್ಣಿನ ವೈದ್ಯರಿಗೆ ತಿಳಿಸಬೇಕು. ಅಂಟುಜಾಡ್ಯದ ಕೆಂಗಣ್ಣು, ಜನ "ಕಣ್ಣು ಬಂದಾವ" ಎನ್ನುವುದು, ಬೇರೆಯೇ ಸಂಗತಿ. 2023ರ ಮಳೆಗಾಲದಲ್ಲಿ ಅದು ನಾಡಿನ ಶಾಲೆಗಳಲ್ಲೆಲ್ಲ ಹಬ್ಬಿದ್ದನ್ನು ಶಿಕ್ಷಕರು ಮರೆತಿರಲಾರರು. ಆಗ ಎವೆ ಬಡಿಯುವ ಮಗುವನ್ನೂ ಅದೇ ರೋಗದವನೆಂದು ಮನೆಗೆ ಕಳಿಸಿದ ಉದಾಹರಣೆ ಇದ್ದರೆ ಆಶ್ಚರ್ಯವಿಲ್ಲ.

ಬೇರೆ ಬೇರೆಯಾಗಿ ಗುರುತಿಸುವುದು ಹೇಗೆ? ಟಿಕ್ ನಿದ್ದೆಯಲ್ಲಿ ಬಹಳಮಟ್ಟಿಗೆ ಅಡಗುತ್ತದೆ. ಗುಂಪುಗುಂಪಾಗಿ ಬಂದು ಹೋಗುತ್ತದೆ. ಆಟದಲ್ಲಿ ಮೈಮರೆತಾಗ ಇಳಿದು, ಪರೀಕ್ಷೆ, ಜಾತ್ರೆ, ಬೈಗುಳ, ನಿದ್ದೆಗೇಡುಗಳಲ್ಲಿ ಏರುತ್ತದೆ. ಇಂದು ಕಣ್ಣಿನಲ್ಲಿದ್ದುದು ಮುಂದಿನ ತಿಂಗಳು ಹೆಗಲಿಗೆ ಹೋಗಬಹುದು. ಕಣ್ಣಿನ ರೋಗವು ಹೀಗೆ ಊರು ಬದಲಿಸುವುದಿಲ್ಲ. ಮುಂಜಾನೆ ರೆಪ್ಪೆ ಅಂಟಿಕೊಂಡಿದ್ದರೆ, ನೀರು ಸೋರುತ್ತಿದ್ದರೆ, ನವೆಯಿದ್ದರೆ ಅದು ಕಣ್ಣಿನ ದೂರು. ನೋವಿದ್ದರೆ, ಬೆಳಕನ್ನು ತಾಳದಿದ್ದರೆ, ನೋಟ ಮಸುಕಾದರೆ, ಒಂದೇ ಕಣ್ಣು ಕೆಂಪಾಗಿದ್ದರೆ, ಕರಿಗುಡ್ಡೆಯ ಮೇಲೆ ಬಿಳಿಯ ಚುಕ್ಕೆ ಕಂಡರೆ, ನಾಳೆಗೆ ತಡೆಯದೆ ಅಂದೇ ಆಸ್ಪತ್ರೆಗೆ ಒಯ್ಯಬೇಕು. ಇಷ್ಟನ್ನು ತಿಳಿಯಲು ವೈದ್ಯನಾಗಬೇಕಿಲ್ಲ, ದಿನಕ್ಕೆ ಆರು ತಾಸು ಮಗುವಿನ ಮುಖ ನೋಡುವ ಶಿಕ್ಷಕನಾದರೆ ಸಾಕು.

ಪರಿಹಾರದ ಮಾತಿಗೆ ಬರುವ ಮುನ್ನ ಅಪಾಯದ ಮಾತನ್ನು ಮುಗಿಸಬೇಕು. ಕೂಲಿಗೆ ಹೋಗುವ ತಂದೆಗೆ ಒಂದು ದಿನದ ಪಗಾರ ಬಿಟ್ಟು ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವುದು ಕಷ್ಟ. ಮೂಲೆಯ ಔಷಧಿ ಅಂಗಡಿಗೆ ಹೋಗಿ "ಕಣ್ಣು ಕೆಂಪಾಗ್ಯಾವ, ಏನರ ಕೊಡ್ರಿ" ಎನ್ನುವುದು ಸುಲಭ. ಅಲ್ಲಿ ದೊರೆಯುವ ಹನಿ ಎಷ್ಟೋ ಸಲ ಸ್ಟೀರಾಯ್ಡ್ ಬೆರೆತದ್ದಾಗಿರುತ್ತದೆ. ಎರಡೇ ದಿನಗಳಲ್ಲಿ ಕೆಂಪು ಮಾಯ! ತಾಯಿಗೆ ಸಂತೋಷ. ಕೆಂಪು ಮರಳಿದಾಗ ಅದೇ ಬಾಟಲಿ, ಮತ್ತೆ ಅದೇ ಬಾಟಲಿ. ವೈದ್ಯರ ಕಣ್ಗಾವಲಿಲ್ಲದೆ ತಿಂಗಳುಗಟ್ಟಲೆ ಹಾಕಿದ ಆ ಹನಿಯು ಕಣ್ಣಿನೊಳಗಿನ ಒತ್ತಡವನ್ನು ಸದ್ದಿಲ್ಲದೆ ಏರಿಸಿ ಗ್ಲಾಕೋಮಾ ತರಬಲ್ಲದು, ಎಳೆಯ ಕಣ್ಣಿಗೆ ಪೊರೆ ತರಬಲ್ಲದು. ಗ್ಲಾಕೋಮಾದಲ್ಲಿ ಹೋದ ನೋಟ ಮರಳುವುದಿಲ್ಲ. ಎವೆ ಬಡಿಯುವುದರಿಂದ ಯಾವ ಮಗುವೂ ಕುರುಡಾಗಲಾರದು. ಅದನ್ನು ನಿಲ್ಲಿಸಲೆಂದು ಹಾಕಿದ ಹನಿಯಿಂದ ಆಗಬಹುದು. ಎಡೆಬಿಡದೆ ಬಲವಾಗಿ ತಿಕ್ಕುವುದೂ ಸಣ್ಣ ಮಾತಲ್ಲ. ಅದರಿಂದ ಕಾರ್ನಿಯಾ ಎಂಬ ಮುಂಭಾಗದ ತಿಳಿಪೊರೆಯು ತೆಳುವಾಗಿ ಮೊನೆಯಾಗುವ ಸಂಭವವಿದೆ.

ಮನೆಮದ್ದುಗಳಿಗೂ ಕೊರತೆಯಿಲ್ಲ. ಜೇನು, ಹರಳೆಣ್ಣೆ, ಎದೆಹಾಲು, ನಂದಿಬಟ್ಟಲ ಹೂವಿನ ರಸ, ಕಾಡಿಗೆ. ಇವುಗಳ ಹಿಂದಿನ ಅಕ್ಕರೆಯನ್ನು ಹಳಿಯಲಾಗದು. ಆದರೆ ಕಸಿವಿಸಿಗೊಂಡ ಕಣ್ಣಿಗೆ ಶುದ್ಧಿಗೊಳಿಸದ ಯಾವುದನ್ನು ಹಿಂಡಿದರೂ ಸೋಂಕಿಗೆ ಬಾಗಿಲು ತೆರೆದಂತೆ. ಸಂತೆಯಲ್ಲಿ ಮಾರುವ ಕೆಲವು ಕಾಡಿಗೆ ಸುರುಮಗಳಲ್ಲಿ ಸೀಸ ಸಿಕ್ಕಿದೆ. ಆಯುರ್ವೇದದ ಹೆಸರು ಹೇಳಿ ಇವನ್ನು ಸಮರ್ಥಿಸುವವರು ಸುಶ್ರುತನನ್ನು ಒಮ್ಮೆ ತೆರೆದು ನೋಡುವುದು ಮೇಲು. ಉತ್ತರತಂತ್ರದಲ್ಲಿ ಆತನು ಎಪ್ಪತ್ತಾರು ನೇತ್ರರೋಗಗಳನ್ನು ಎಣಿಸಿದ್ದಾನೆ, ಅವುಗಳಲ್ಲಿ ಇಪ್ಪತ್ತೊಂದು ರೆಪ್ಪೆಗೆ ಸಂಬಂಧಿಸಿದವು, ಆ ಇಪ್ಪತ್ತೊಂದರಲ್ಲಿ ಒಂದರ ಹೆಸರೇ "ನಿಮೇಷ"! ಎವೆಯನ್ನು ಆಡಿಸುವ ಸಿರೆಯಲ್ಲಿ ವಾಯುವು ಹೊಕ್ಕು ರೆಪ್ಪೆಯನ್ನು ಅತಿಯಾಗಿ ಚಲಿಸುತ್ತದೆ ಎಂದು ಅದರ ಲಕ್ಷಣ. ಎಂದರೆ ಇದು ಮಗುವಿನ ಉದ್ಧಟತನವಲ್ಲ, ದೇಹದೊಳಗಿನ ವ್ಯಾಪಾರವೆಂಬುದನ್ನು ಆ ಪ್ರಾಚೀನ ಶಸ್ತ್ರವೈದ್ಯನು ಎಂದೋ ಒಪ್ಪಿದ್ದನು. ಕಣ್ಣುಕೆಡಲು ಅವನು ಹೇಳುವ ಕಾರಣಗಳೂ ಗಮನಾರ್ಹ: ಧೂಳು, ಹೊಗೆ, ನಿದ್ದೆಯ ವಿಪರ್ಯಯ, ಸೂಕ್ಷ್ಮವಸ್ತುಗಳ ನಿರೀಕ್ಷಣೆ, ಎಡೆಬಿಡದ ಅಳು, ಕೋಪ, ಶೋಕ. ಮೊಬೈಲಿನ ಹೆಸರೊಂದನ್ನು ಬಿಟ್ಟರೆ ತಾರಿಹಾಳಕ್ಕೆ ಬೇಕಾದುದೆಲ್ಲವೂ ಅಲ್ಲಿದೆ. ಆದರೆ ಆತನ ಚಿಕಿತ್ಸೆಗಳು ಪರೀಕ್ಷಿಸಿ ಕೈಹಾಕುವ ವೈದ್ಯನಿಗಾಗಿ ಬರೆದವು. ಅರ್ಧ ನೆನಪಿನ ಮೇಲೆ ರಸ ಹಿಂಡುವವರಿಗಾಗಿ ಅಲ್ಲ.

ದೃಷ್ಟಿ ತಾಗಿದೆಯೆಂದು ದಾರ ಕಟ್ಟಿಸುವವರ ಬಗೆಗೆ ಹೆಚ್ಚು ಹೇಳಬೇಕಾಗಿಲ್ಲ. ಕಟ್ಟಲಿ, ಆದರೆ ಆಸ್ಪತ್ರೆಗೆ ಹೋಗಿ ಬಂದ ಮೇಲೆ ಕಟ್ಟಲಿ.

ಉಪಶಮನದ ಮಾರ್ಗ ಸರಳವಾದದ್ದು. ಹೊರಗಿನಿಂದ ಬಂದೊಡನೆ ಕೈ, ಮುಖ ತೊಳೆಯುವುದು, ನವೆ ಹತ್ತಿದಾಗ ತಿಕ್ಕುವ ಬದಲು ತಣ್ಣೀರಿನಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆಯನ್ನು ಮುಚ್ಚಿದ ಕಣ್ಣಿನ ಮೇಲೆ ಇಡುವುದು, ರೆಪ್ಪೆಯಂಚಿನ ಬಾವಿಗೆ ಬೆಚ್ಚಗಿನ ಕಾವು ಕೊಟ್ಟು ಅಂಚನ್ನು ಒರೆಸುವುದು, ಒಣಗಿದ ಕಣ್ಣಿಗೆ ವೈದ್ಯರು ಹೇಳಿದ ಕೃತಕ ಕಣ್ಣೀರಿನ ಹನಿ, ಅಲರ್ಜಿಗೆ ಅವರೇ ಬರೆದುಕೊಟ್ಟ ಹನಿ, ಬರೆದಷ್ಟೇ ದಿನ, ಬಿಸಿಲಿನಲ್ಲಿ ಟೋಪಿ, ಮೊಬೈಲಿಗೆ ಮಿತಿ, ತುಂಬ ನಿದ್ದೆ. ಕಣ್ಣಿನ ಕಸಿವಿಸಿ ಇಳಿದರೆ ಎವೆಬಡಿತವೂ ಎಷ್ಟೋ ಪಾಲು ಇಳಿಯುವುದುಂಟು. ಇಳಿಯದೆ ಉಳಿದದ್ದಕ್ಕೆ ಬಹುತೇಕ ಮಕ್ಕಳಲ್ಲಿ ಔಷಧಿಯೇ ಬೇಡ, ಸುಮ್ಮನಿರುವುದೇ ಔಷಧಿ. ಅದರಿಂದ ಮಗುವಿಗೆ ನೋವೋ ಅವಮಾನವೋ ಆಗುತ್ತಿದ್ದರೆ ಒಂದು ತರಬೇತಿಯಿದೆ: ಬಡಿಯಬೇಕೆಂಬ ಕಸಿವಿಸಿ ಹುಟ್ಟಿದ ಕ್ಷಣವನ್ನು ತಾನೇ ಗುರುತಿಸಿ, ಅದರ ಬದಲು ಮೆಲ್ಲಗೆ, ಎಣಿಸಿದಂತೆ ಎವೆ ಮುಚ್ಚಿ ತೆರೆಯುವುದನ್ನು ಮಗುವಿಗೆ ಕಲಿಸುತ್ತಾರೆ. ಗದರಿಕೆಯಿಂದ ಸಾಧ್ಯವಾಗದ್ದು ಈ ಅಭ್ಯಾಸದಿಂದ ಸಾಧ್ಯವಾಗುವುದುಂಟು. ಒಂದು ರೀತಿಯಲ್ಲಿ ಇದೂ ದೃಷ್ಟಿಯ ಸಾಧನೆಯೇ. ಆದರೆ ಕಲಿಸುವವರು ಅದನ್ನು ಕಲಿತವರಾಗಿರಬೇಕು.

ಈ ಸೌಕರ್ಯಗಳು ದೂರದಲ್ಲಿಲ್ಲ. 1957ರಲ್ಲಿ ಆರಂಭವಾದ ಹುಬ್ಬಳ್ಳಿಯ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಜನರ ಬಾಯಲ್ಲಿನ ಕಿಮ್ಸ್, ತಾರಿಹಾಳಕ್ಕೆ ಒಂದು ಬಸ್ಸಿನ ಹಾದಿ. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಿದೆ. ಅದರ ಮೂಲ 1845ರಷ್ಟು ಹಿಂದಿನದು, ಹಳೆಯ ಹೆಸರನ್ನು ಜನ ಇನ್ನೂ ಬಿಟ್ಟಿಲ್ಲ. ಆ ಹಳೆಯ ಹೆಸರಿನ ಅಂಜಿಕೆಯಿಂದಲೇ ಎಷ್ಟೋ ತಂದೆತಾಯಿಗಳು ಅದರ ಗೇಟಿನೊಳಗೆ ಕಾಲಿಡುವುದಿಲ್ಲ. "ಹುಡುಗನ್ನ ಅಲ್ಲಿಗೆ ಒಯ್ದರ ನಾಳೆ ಮಂದಿ ಏನಂದಾರು?" ಎಂಬ ತಾಯಿಯ ಪ್ರಶ್ನೆಗೆ ವೈದ್ಯರು ಕೊಡುವ ಉತ್ತರಕ್ಕಿಂತ ಗುರುಗಳು ಕೊಡುವ ಉತ್ತರಕ್ಕೆ ಹೆಚ್ಚು ಬೆಲೆಯಿದೆ. ಸರಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳನ್ನು ತಪಾಸಣೆ ಮಾಡಲೆಂದು 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಶಾಲೆಗೇ ಬರುತ್ತದೆ. ಬಂದ ದಿನ ಆ ಎವೆಬಡಿಯುವ ಹುಡುಗನ ಹೆಸರನ್ನು ಮುಂದೆ ಮಾಡಿ, ನಾಲ್ಕು ತಿಂಗಳಿನಿಂದ ಕಂಡದ್ದನ್ನು ಹೇಳುವವರು ಬೇಕು. ಐದು ನಿಮಿಷದ ತಪಾಸಣೆಯಲ್ಲಿ ಹುಡುಗನು ಎವೆಯನ್ನು ಹಿಡಿದಿಟ್ಟುಕೊಂಡುಬಿಟ್ಟರೆ ವೈದ್ಯರಿಗೆ ಏನೂ ಕಾಣುವುದಿಲ್ಲ.

ಶಿಕ್ಷಕರ ಕಡೆಯಿಂದ ಒಂದು ಆಕ್ಷೇಪ ಬರುವುದುಂಟು, ಅದು ಹುರುಳಿಲ್ಲದ್ದೇನೂ ಅಲ್ಲ. ಒಬ್ಬನನ್ನು ಸುಮ್ಮನೆ ಬಿಟ್ಟರೆ ನಾಲ್ವರು ಅನುಕರಿಸುತ್ತಾರೆ, ಐವತ್ತು ಮಕ್ಕಳ ತರಗತಿಯಲ್ಲಿ ಶಿಸ್ತೆಂಬುದು ಉಳಿಯುವುದು ಹೇಗೆ ಎಂದು. ಅನುಕರಿಸುವವರು ಇದ್ದೇ ಇರುತ್ತಾರೆ. ಅವರನ್ನು ಗದರಬಹುದು, ಅವರು ನಿಲ್ಲಿಸಬಲ್ಲರು. ಮೂಲದವನು ನಿಲ್ಲಿಸಲಾರನು. ಗದರಿದಷ್ಟೂ ಅವನ ಗಮನ ಕಣ್ಣಿನ ಮೇಲೆಯೇ ಬಿದ್ದು ಬಡಿತ ಹೆಚ್ಚುತ್ತದೆ. ಆದುದರಿಂದ ಶಿಸ್ತಿನ ದೃಷ್ಟಿಯಿಂದ ನೋಡಿದರೂ ಗದರಿಕೆ ವ್ಯರ್ಥ. ತರಗತಿಯೆದುರು ಅದರ ಮಾತೆತ್ತದಿರುವುದು, ಗಾಳಿ ಬಿಸಿಲು ನೇರ ಬೀಳುವ ಕಿಟಕಿಯ ಬಳಿಯಿಂದ ಅವನ ಸ್ಥಳ ಬದಲಿಸುವುದು, ಬೇಕೆನಿಸಿದಾಗ ಮುಖ ತೊಳೆದು ಬರಲು ಬಿಡುವುದು, ಬರೆಯಲು ಎರಡು ನಿಮಿಷ ಹೆಚ್ಚು ಕೊಡುವುದು. ಇಷ್ಟೇ.

ಹಳೆಯ ವಿದ್ಯಾರ್ಥಿಗಳಿಗೂ ಇದರಲ್ಲಿ ಪಾಲಿದೆ. ವಾರ್ಷಿಕ ಸಮ್ಮೇಲನದಲ್ಲಿ ಊಟದ ಪಂಕ್ತಿಯಲ್ಲಿ ಕುಳಿತಾಗ ಮೊದಲು ಏಳುವುದು ಅಡ್ಡಹೆಸರುಗಳ ನೆನಪು. "ಪಿಳಿಪಿಳ್ಯಾ ಬಂದಾನೇನೋ?" ಎಂದು ಯಾರೋ ಕೇಳುತ್ತಾರೆ, ಎಲ್ಲರೂ ನಗುತ್ತಾರೆ. ಅವನು ಬಂದಿರುವುದಿಲ್ಲ. ನಲವತ್ತು ವರ್ಷಗಳಿಂದ ಬಂದಿರುವುದಿಲ್ಲ. ಏಕೆ ಬರುವುದಿಲ್ಲವೆಂದು ಕೇಳಿದವರಿಲ್ಲ.

ಇನ್ನು ದಾನಿಗಳು. ಬೀಳಗಿಯಲ್ಲಿ ಹುಟ್ಟಿದ ನೇತ್ರತಜ್ಞ ಡಾ. ಎಂ. ಸಿ. ಮೋದಿಯವರು (1916–2005) ಊರೂರಿಗೆ ಹೋಗಿ ಶಿಬಿರಗಳನ್ನು ನಡೆಸಿ ಲೆಕ್ಕವಿಲ್ಲದಷ್ಟು ಬಡವರಿಗೆ ನೋಟ ಮರಳಿಸಿದಾಗ, ಅವರ ಬೆನ್ನಿಗೆ ನಿಂತವರು ಇಂಥ ದಾನಿಗಳೇ. ಅಂದು ಊರಿನ ದೊಡ್ಡ ಕಣ್ಣಿನ ಕಷ್ಟ ಮುದುಕರ ಪೊರೆಯಾಗಿತ್ತು. ಇಂದು ಮಕ್ಕಳ ಸರದಿ. ಹೆಸರು ಕೆತ್ತಿದ ಕಲ್ಲಿನ ಕಪಾಟು, ಹೆಸರು ಬರೆದ ಬೀಸಣಿಗೆ, ಹೆಸರಿರುವ ಕುಡಿಯುವ ನೀರಿನ ತೊಟ್ಟಿ, ಎಲ್ಲವೂ ಶಾಲೆಗೆ ಬಂದಿವೆ, ಬರಲಿ. ಕನ್ನಡಕದ ಗಾಜಿನ ಮೇಲೆ ದಾನಿಯ ಹೆಸರು ಬರೆಯಲು ಬರುವುದಿಲ್ಲವೆಂಬುದೊಂದೇ ಅದರ ಕೊರತೆ. ವರ್ಷಕ್ಕೆ ಹತ್ತಿಪ್ಪತ್ತು ಮಕ್ಕಳ ಕನ್ನಡಕಕ್ಕೆ, ಆಸ್ಪತ್ರೆಗೆ ಹೋಗಿಬರುವ ಬಸ್ಸಿನ ಖರ್ಚಿಗೆ, ಕರೆದೊಯ್ಯುವ ತಾಯಿ ಕಳೆದುಕೊಳ್ಳುವ ಒಂದು ದಿನದ ಕೂಲಿಗೆ ಸಾಲುವಷ್ಟು ಚಿಕ್ಕ ನಿಧಿಯೊಂದು ದೊಡ್ಡ ಕಟ್ಟಡದ ಒಂದು ಮೆಟ್ಟಿಲಿನ ಬೆಲೆಯಷ್ಟಾದೀತು. ಪ್ರಸಾದ ನಿಲಯದ ಪ್ರತಿಯೊಬ್ಬ ಬಾಲಕನಿಗೂ ತನ್ನದೇ ಆದ ಒಂದು ಪಂಚೆ, ಮುಖ ಒರೆಸುವುದಕ್ಕೆ ಮಾತ್ರ, ಬೇರೆ ಬೇರೆ ಗೂಟಕ್ಕೆ ತೂಗಿಸಿದ್ದು. ಒಂದೇ ವಸ್ತ್ರದಲ್ಲಿ ಹತ್ತು ಮಂದಿ ಮುಖ ಒರೆಸಿಕೊಳ್ಳುವಲ್ಲಿ ಯಾವ ಹನಿಯೂ ಕೆಲಸ ಮಾಡದು. ಶಾಲೆಯ ಆವರಣದ ಬೇಲಿಯುದ್ದಕ್ಕೂ ಬೆಳೆದ ಪಾರ್ಥೇನಿಯಮ್ಮನ್ನು ಹೂಬಿಡುವ ಮುನ್ನ ಕೀಳಿಸಲು ಹಣವೂ ಬೇಡ. ಹಳೆಯ ವಿದ್ಯಾರ್ಥಿಗಳ ಒಂದು ಭಾನುವಾರ ಸಾಕು. ಕೈಗೆ ಚೀಲ ಸುತ್ತಿಕೊಂಡು ಕೀಳಬೇಕು, ಮಕ್ಕಳ ಕೈಯಿಂದ ಕೀಳಿಸಬಾರದು.

ಪೂಜೆಯ ಹೊತ್ತಿನ ಪ್ರಶ್ನೆಯನ್ನು ಮಾತ್ರ ಮಠದ ಹಿರಿಯರೇ ಬಗೆಹರಿಸಬೇಕು. ಎವೆ ನಿಲ್ಲದ ಆ ಹುಡುಗನು ಕಣ್ಣು ಮುಚ್ಚಿಯೇ ಕುಳಿತರೆ ಪೂಜೆಗೆ ಲೋಪವೇನು? ಲಿಂಗವನ್ನು ಅಂಗೈಯಲ್ಲಿ ಹಿಡಿದು ಒಳಗೆ ನೆನೆಯುವುದನ್ನು ಯಾವ ಶರಣನೂ ಬೇಡವೆಂದಂತಿಲ್ಲ. ಅದನ್ನು ಒಬ್ಬ ಶಿಕ್ಷಕ ಹೇಳಿದರೆ ವಿನಾಯಿತಿಯೆನಿಸುತ್ತದೆ. ಸಾಲಿನ ಎಲ್ಲ ಮಕ್ಕಳಿಗೂ ಕೇಳುವಂತೆ, ಹೆಸರೆತ್ತದೆ, "ಕಣ್ಣು ದಣಿದವರು ಮುಚ್ಚಿಕೊಂಡು ಕೂಡ್ರಿ" ಎಂದು ಸ್ವಾಮಿಗಳೇ ಒಂದು ಮಾತು ಹೇಳಿದರೆ ಅದು ಪದ್ಧತಿಯಾಗುತ್ತದೆ. ಶಾಲೆ ತೆರೆಯುವುದು ಬೇಸಿಗೆಯ ಕೊನೆಗೆ. ಆಷಾಢದ ಗಾಳಿ ಏಳಲು ಅಲ್ಲಿಂದ ಕೆಲವೇ ವಾರ. ಆ ಮಾತೂ ಆ ವರ್ಷದ ಮೊದಲ ಕಣ್ಣಿನ ತಪಾಸಣೆಯೂ ಅಷ್ಟರೊಳಗೆ ಆಗಬೇಕು.